'ಯಾವಾಗ್ಲೂ ಹಾಗೇನಾ?' ಅಂತ ಕೇಳಿ ನೋಡಿ

ಪ್ರಶ್ನೆ: ನಾವು ಡೊಂಬಿವಿಲಿಯಲ್ಲಿದ್ದೇವೆ. ಮಗ ನಾಲ್ಕನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ಕನ್ನಡ, ಕೆಳಗೆ ಆಡಲು ಹೋದರೆ ಮರಾಠಿ, ಹಿಂದಿ. ಮಗ್ಗಿ ಬರುತ್ತದೆ, ಕೂಡುವುದು ಕಳೆಯುವುದು ಚೆನ್ನಾಗಿಯೇ ಮಾಡುತ್ತಾನೆ. ಈಗ ಶಾಲೆಯಿಂದ '2, 5, 8, 11, __' ಅಂತ, '8 + 4 = __ + 5' ಅಂತ ಹಾಳೆಗಳು ಬರುತ್ತಿವೆ. ಎರಡನೆಯದಕ್ಕೆ 12 ಅಂತ ಬರೆದು ತಪ್ಪು ಹಾಕಿಸಿಕೊಂಡು ಬಂದ. ಇದೆಲ್ಲ ಆಲ್ಜೀಬ್ರಾಕ್ಕೆ ತಯಾರಿಯಂತೆ. ಹತ್ತಿರದ ಕ್ಲಾಸೊಂದರವರು ಈಗಿನಿಂದಲೇ ಎಕ್ಸ್, ವೈ ಕಲಿಸುತ್ತೇವೆ ಅನ್ನುತ್ತಿದ್ದಾರೆ. ನಾನಂತೂ ಆಲ್ಜೀಬ್ರಾ ಅಂದರೆ ಹೆದರಿ ಓಡುತ್ತಿದ್ದವಳು. ಅವನನ್ನು ಕಳಿಸಬೇಕಾ? ಮನೆಯಲ್ಲೇ ಏನಾದರೂ ಮಾಡಬಹುದಾ? ಕನ್ನಡದಲ್ಲಿ ಹೇಳಿಕೊಟ್ಟರೆ ಗೊಂದಲ ಆಗುವುದಿಲ್ಲವಾ?

ಉತ್ತರ: ಮೊದಲು ಆ 12ರ ವಿಷಯ ಮಾತಾಡೋಣ. ನಿಮ್ಮ ಮಗ ಒಬ್ಬನೇ ಅಲ್ಲ. ಲೆಕ್ಕ ಕಲಿಸುವವರ ನಡುವೆ ಈ ಒಂದು ಪ್ರಶ್ನೆ ತುಂಬ ಹೆಸರುವಾಸಿ. ಬಹಳಷ್ಟು ಮಕ್ಕಳು 12 ಅನ್ನುತ್ತಾರೆ. ಕೆಲವರು ಮುಂದಿರುವ 5ನ್ನೂ ಬಿಡದೆ ಸೇರಿಸಿ 17 ಅನ್ನುತ್ತಾರೆ. ಸರಿ ಉತ್ತರ 7, ಯಾಕೆಂದರೆ 7 + 5 ಕೂಡ 12. ಹಾಗನ್ನುವವರು ಕಡಿಮೆ. ಮುಂಬೈಯ ಒಂದು ಕನ್ನಡ ಮೀಡಿಯಂ ಶಾಲೆಯಲ್ಲಿ ಕಲಿಸುತ್ತಿದ್ದಾಗ ನಾನು ಮೊದಲ ಸಲ ಇದನ್ನು ಐದನೇ ಕ್ಲಾಸಿಗೆ ಕೊಟ್ಟೆ. ಮುಕ್ಕಾಲು ಪಾಲು ಮಕ್ಕಳು 12 ಬರೆದರು. ಎರಡು ವರ್ಷದಿಂದ ನಾನೇ ಕಲಿಸಿದ ಮಕ್ಕಳು. ಆ ದಿನ ಮನೆಗೆ ಬಂದು ಸರಿಯಾಗಿ ಊಟ ಸೇರಲಿಲ್ಲ.

ಯಾಕೆ ಹೀಗಾಗುತ್ತದೆ? ಒಂದನೇ ಕ್ಲಾಸಿನಿಂದ ಮಗು ನೋಡಿದ ಲೆಕ್ಕವೆಲ್ಲ ಒಂದೇ ಥರ. ಎಡಗಡೆ ಲೆಕ್ಕ, ನಡುವೆ ಎರಡು ಗೆರೆ, ಆಮೇಲೆ ಖಾಲಿ ಜಾಗ. ಹಾಗಾಗಿ '=' ಅಂದರೆ ಅದರ ಪಾಲಿಗೆ 'ಈಗ ಉತ್ತರ ಬರಿ' ಅನ್ನುವ ಅಪ್ಪಣೆ. ಕ್ಯಾಲ್ಕುಲೇಟರ್‌ನಲ್ಲೂ ಆ ಗುಂಡಿ ಒತ್ತಿದರೆ ಉತ್ತರವೇ ಬರುತ್ತದಲ್ಲ. ನಾವು ದೊಡ್ಡವರೂ ಕಮ್ಮಿಯಿಲ್ಲ. ಕಿರಾಣಿ ಲೆಕ್ಕ ಹಾಕುವಾಗ 25 + 30 = 55 + 18 = 73 ಅಂತ ಉದ್ದಕ್ಕೆ ಬರೆದುಕೊಂಡು ಹೋಗುತ್ತೇವೆ. 25 + 30 ಎಲ್ಲಿ, 55 + 18 ಎಲ್ಲಿ! ಎರಡೂ ಸಮ ಅಂತ ಕೈಯಾರೆ ಬರೆದುಬಿಟ್ಟಿದ್ದೇವೆ. ಮಗು ನೋಡಿ ಕಲಿಯುವುದು ಅದನ್ನೇ.

ಈ ಗುರುತನ್ನು ಮೊದಲು ಅಚ್ಚಿಗೆ ತಂದವನು ರಾಬರ್ಟ್ ರೆಕಾರ್ಡ್ ಅನ್ನುವ ವೇಲ್ಸ್‌ನವನು, 1557ರಲ್ಲಿ. ಪ್ರತಿ ಸಲ 'ಇದಕ್ಕೆ ಸಮ' ಅಂತ ಬರೆದು ಬರೆದು ಬೇಸತ್ತು ಒಂದೇ ಉದ್ದದ ಎರಡು ಗೆರೆ ಎಳೆದ. ಇವೆರಡಕ್ಕಿಂತ ಸಮವಾದದ್ದು ಇನ್ನೇನಿದೆ ಅನ್ನುವುದು ಅವನ ವಾದ. ಅಂದರೆ ಅದು ತಕ್ಕಡಿಯ ಮುಳ್ಳು. ಎಡಕ್ಕೂ ಬಲಕ್ಕೂ ಒಂದೇ ತೂಕ ಇದೆ ಅಂತ ತೋರಿಸುವುದಷ್ಟೇ ಅದರ ಕೆಲಸ.

ಮನೆಯಲ್ಲಿ 'ಸರಿಯಾ, ತಪ್ಪಾ' ಅಂತ ಒಂದು ಆಟ ಆಡಿ. ಚೀಟಿಯಲ್ಲಿ ಒಂದೊಂದೇ ಬರೆದು ಕೊಡಿ. ಮೊದಲು 12 = 8 + 4. 'ಉಲ್ಟಾ ಬರೆದಿದ್ದೀಯ' ಅನ್ನಬಹುದು. ಆಮೇಲೆ 9 = 9. ಇದಕ್ಕೆ ಮಕ್ಕಳು ನಗುತ್ತಾರೆ. 'ಇದು ಲೆಕ್ಕಾನೇ ಅಲ್ಲ' ಅನ್ನುತ್ತಾರೆ. ನಗಲಿ. ಆ ನಗುವಿನಲ್ಲೇ ಅಪ್ಪಣೆ ಹೋಗಿ ತಕ್ಕಡಿ ಬರುತ್ತದೆ. ನಾಲ್ಕೈದು ದಿನ ಬಿಟ್ಟು 37 + 48 = 38 + 47 ಕೊಡಿ, ಕೂಡಿಸದೆ ಹೇಳಬೇಕು ಅನ್ನಿ. ನನ್ನ ಕ್ಲಾಸಿನ ಒಬ್ಬಳು ಇದಕ್ಕೆ, 'ಟೀಚರ್, ಒಂದು ರೂಪಾಯಿ ಇವನ ಜೇಬಿಂದ ಅವನ ಜೇಬಿಗೆ ಹೋಯ್ತು, ಮನೆ ದುಡ್ಡು ಮನೆಯಲ್ಲೇ ಇದೆ' ಅಂದಳು. ಒಂದೂ ಅಂಕಿ ಕೂಡಿಸಿರಲಿಲ್ಲ.

ಅದೇ ಜೋರಿನಲ್ಲಿ 63 - 28 = 64 - 27 ಕೊಟ್ಟೆ. ಇಡೀ ಕ್ಲಾಸು 'ಸರಿ' ಅಂತ ಕೂಗಿತು. ತಪ್ಪು. ಎಡಕ್ಕೆ 35, ಬಲಕ್ಕೆ 37. ಜೇಬಿನ ಕಥೆ ಕೂಡುವುದಕ್ಕೆ ನಡೆಯುತ್ತದೆ, ಕಳೆಯುವುದಕ್ಕೆ ನಡೆಯುವುದಿಲ್ಲ. ಯಾಕೆ ಅಂತ ಹೇಳಲು ವಯಸ್ಸಿನ ಲೆಕ್ಕ ಚೆನ್ನಾಗಿ ಒದಗುತ್ತದೆ. ಅಕ್ಕನಿಗೆ 11, ತಮ್ಮನಿಗೆ 7. ನಾಲ್ಕು ವರ್ಷದ ಅಂತರ. ಮುಂದಿನ ವರ್ಷ ಎಷ್ಟು ಅಂತರ? ಇಬ್ಬರೂ ಅಜ್ಜ ಅಜ್ಜಿ ಆದಾಗ? ಇಬ್ಬರಿಗೂ ಒಟ್ಟಿಗೇ ವಯಸ್ಸಾಗುತ್ತದೆ, ಹಾಗಾಗಿ ಅಂತರ ಅಲ್ಲಾಡುವುದಿಲ್ಲ. 63 - 28 ಕಷ್ಟವಾದರೆ ಇಬ್ಬರಿಗೂ ಎರಡೆರಡು ವರ್ಷ ಸೇರಿಸಿ 65 - 30 ಮಾಡಿ. 35. ತಮ್ಮ ಯಾವಾಗ ನನಗಿಂತ ದೊಡ್ಡವನಾಗ್ತಾನೆ ಅಂತ ಕೇಳುವ ವಯಸ್ಸಿನ ಮಕ್ಕಳಿಗೂ ಇದು ಅರ್ಥವಾಗುತ್ತದೆ.

ಇಲ್ಲಿಯವರೆಗೆ ಎಕ್ಸ್ ಬರಲಿಲ್ಲ, ವೈ ಬರಲಿಲ್ಲ. ಆದರೆ ನಾವು ಮಾಡಿದ್ದು ಆಲ್ಜೀಬ್ರಾನೇ. ಅಕ್ಷರ ಬಂದ ಕೂಡಲೇ ಯಾವ ಲೆಕ್ಕವೂ ಆಲ್ಜೀಬ್ರಾ ಆಗುವುದಿಲ್ಲ. 'ಈ ಎರಡು ಸಂಖ್ಯೆಗೆ ಮಾತ್ರ ಹೀಗಾ, ಯಾವಾಗ್ಲೂ ಹೀಗೇನಾ? ಯಾಕೆ?' ಅಂತ ಕೇಳಿಕೊಂಡಾಗ ಆಗುತ್ತದೆ. ನಿಮಗೆ ಈ ಎರಡು ಪ್ರಶ್ನೆ ಕೇಳಲು ಬಂದರೆ ಸಾಕು. ನಿಮ್ಮ ಹಳೆಯ ಹೆದರಿಕೆ ಅಡ್ಡ ಬರುವುದಿಲ್ಲ.

ಇನ್ನು ಆ 2, 5, 8, 11. ಮಗ 14 ಅಂತ ಬರೆದಿರುತ್ತಾನೆ, ಟೀಚರ್ ರೈಟ್ ಹಾಕಿರುತ್ತಾರೆ, ಕಥೆ ಮುಗಿಯಿತು. ನನಗೆ ಈ ಹಾಳೆಗಳ ಮೇಲೆ ಇರುವ ಸಿಟ್ಟು ಅದೇ. 'ಮುಂದಿನದು ಯಾವುದು' ಅಂತ ಮಾತ್ರ ಕೇಳಿದರೆ ಮಗು ಮೂರು ಮೂರು ಸೇರಿಸುತ್ತ ಕುಳಿತಿರುತ್ತದೆ. ನೂರನೆಯದು ಯಾವುದು ಅಂತ ಕೇಳಿ. ಈಗ ಸೇರಿಸುತ್ತ ಕೂರಲು ಆಗುವುದಿಲ್ಲ, ದಾರಿ ಹುಡುಕಬೇಕು. ಹೆಚ್ಚಿನ ಮಕ್ಕಳು 'ನೂರು ಸಲ ಮೂರು ಅಂದರೆ 300, ಮೊದಲಿನ 2 ಸೇರಿಸಿ 302' ಅನ್ನುತ್ತಾರೆ. ಹತ್ತಿರ ಬಂದರು, ಆದರೂ ತಪ್ಪು. ಆಗ ನಿಮ್ಮೂರಿನ ಲೋಕಲ್ ನೆನಪಿಸಿ. ಡೊಂಬಿವಿಲಿ, ಕೋಪರ್, ದಿವಾ, ಮುಂಬ್ರಾ, ಕಳವಾ, ಠಾಣೆ. ಸ್ಟೇಷನ್ ಆರು. ಗಾಡಿ ಎಷ್ಟು ಸಲ ಒಂದು ಸ್ಟೇಷನ್‌ನಿಂದ ಇನ್ನೊಂದಕ್ಕೆ ಓಡಿತು? ಬೆರಳು ಮಡಿಸಿ ಎಣಿಸಲಿ. ಐದು. ಹಾಗೇ ನೂರನೇ ಸ್ಟೇಷನ್‌ಗೆ 99 ಓಟ. 99 ಸಲ ಮೂರು 297, ಶುರುವಿನ 2 ಸೇರಿ 299. ಈ ಒಂದು ಹೆಚ್ಚು-ಕಡಿಮೆಯ ತಪ್ಪು ಇಂಜಿನಿಯರಿಂಗ್ ಮುಗಿಸಿದವರನ್ನೂ ಬಿಡುವುದಿಲ್ಲ. ಒಂಬತ್ತನೇ ವಯಸ್ಸಿನಲ್ಲೇ ಪರಿಚಯವಾದರೆ ಒಳ್ಳೆಯದು.

ಇನ್ನೊಂದು ಎಚ್ಚರ. ಕಥೆಯಿಲ್ಲದ ಸರಣಿಗೆ 'ಒಂದೇ ಸರಿ ಉತ್ತರ' ಅಂತ ಇರುವುದಿಲ್ಲ. 1, 2, 4 ಆದ ಮೇಲೆ? ದುಪ್ಪಟ್ಟು ಅಂದುಕೊಂಡರೆ 8. ಮೊದಲು ಒಂದು, ಆಮೇಲೆ ಎರಡು, ಆಮೇಲೆ ಮೂರು ಸೇರಿಸುತ್ತಿದ್ದೇವೆ ಅಂದುಕೊಂಡರೆ 7. ಎರಡೂ ಸರಿ. ನಿಮ್ಮ ಮಗ 7 ಬರೆದು ತಪ್ಪು ಹಾಕಿಸಿಕೊಂಡು ಬಂದರೆ ಅವನ ಪರವಾಗಿ ನಿಲ್ಲಿ. ದೊಡ್ಡವರನ್ನೂ ಬೀಳಿಸುವ ಒಂದಿದೆ. ದೊಡ್ಡ ವೃತ್ತ ಬರೆದು ಅಂಚಿನ ಮೇಲೆ ಚುಕ್ಕಿ ಇಡಿ. ಎಲ್ಲ ಚುಕ್ಕಿಗಳನ್ನೂ ಒಂದಕ್ಕೊಂದು ನೇರ ಗೆರೆಯಿಂದ ಸೇರಿಸಿ, ವೃತ್ತ ಎಷ್ಟು ತುಂಡಾಯಿತು ಎಣಿಸಿ. ಒಂದು ಚುಕ್ಕಿಗೆ 1, ಎರಡಕ್ಕೆ 2, ಮೂರಕ್ಕೆ 4, ನಾಲ್ಕಕ್ಕೆ 8, ಐದಕ್ಕೆ 16. ಆರಕ್ಕೆ 32 ಅಂತ ಎಲ್ಲರೂ ಬೆಟ್ ಕಟ್ಟುತ್ತಾರೆ. ಬರುವುದು 31. ಮೂರು ಗೆರೆ ಒಂದೇ ಕಡೆ ಸೇರದ ಹಾಗೆ ಚುಕ್ಕಿ ಇಟ್ಟರೂ 31ರ ಮೇಲೆ ಹೋಗುವುದಿಲ್ಲ. ಐದು ಸಲ ಆಯಿತು ಅಂದರೆ ಯಾವಾಗಲೂ ಆಗುತ್ತದೆ ಅಂತಲ್ಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಹಾಗಾದರೆ ಕಥೆ ಇರುವ ಸರಣಿ ಅಂದರೆ ಹೇಗಿರುತ್ತದೆ? ಮಾಟುಂಗಾದ ಒಂದು ಉಡುಪಿ ಹೋಟೆಲಿಗೆ ಒಂದು ಭಾನುವಾರ ನಾವು ಎಂಟು ಜನ ಹೋಗಿದ್ದೆವು. ಚೌಕದ ಸಣ್ಣ ಟೇಬಲ್‌ಗಳು, ಒಂದೊಂದಕ್ಕೆ ನಾಲ್ಕು ಕುರ್ಚಿ. ನನ್ನ ಅಣ್ಣನ ಮಗಳು ಆಗ ಮೂರನೇ ಕ್ಲಾಸು. 'ಎರಡು ಟೇಬಲ್ ಸಾಕು, ನಾಲ್ಕೆರಡ್ಲ ಎಂಟು' ಅಂದಳು. ವೇಟರ್ ಎರಡು ಟೇಬಲ್ ಎಳೆದು ಜೋಡಿಸಿದ. ಆರೇ ಜನ ಕೂತರು. ನಾನು, ಅಣ್ಣ ನಿಂತೇ ಇದ್ದೆವು. 'ಎರಡು ಕುರ್ಚಿ ಏನಾಯ್ತೇ?' ಅಂದೆ. ಅವಳು ಎದ್ದು ಬಂದು ಟೇಬಲ್ ಸುತ್ತ ಒಂದು ಸುತ್ತು ಹಾಕಿದಳು. ಆಮೇಲೆ ಎರಡೂ ಟೇಬಲ್ ಸೇರುವ ಗೆರೆಯ ಮೇಲೆ ಬೆರಳಿಟ್ಟು, 'ಇಲ್ಲಿ ಸಿಕ್ಕಿಹಾಕಿಕೊಂಡಿವೆ' ಅಂದಳು. ಇನ್ನೊಂದು ಟೇಬಲ್ ಬಂತು. ಈಗ ಎಂಟಕ್ಕೆ ಜಾಗವಾಯಿತು.

ಇಡ್ಲಿ ಬರುವಷ್ಟರಲ್ಲಿ ಟಿಶ್ಯೂ ಪೇಪರಿನ ಮೇಲೆ ಪಟ್ಟಿಯಾಗಿತ್ತು. ಒಂದು ಟೇಬಲ್ 4 ಜನ, ಎರಡಕ್ಕೆ 6, ಮೂರಕ್ಕೆ 8. 'ಎರಡೆರಡು ಜಾಸ್ತಿ ಆಗ್ತಿದೆ' ಅಂತ ಅವಳಿಗೆ ಕೂಡಲೇ ಕಂಡಿತು. ನಾನು ಮದುವೆ ಊಟದ ಹಾಗೆ ಇಪ್ಪತ್ತು ಟೇಬಲ್ ಸಾಲಾಗಿ ಜೋಡಿಸಿದರೆ ಅಂದೆ. ಸ್ವಲ್ಪ ಹೊತ್ತು ಸುಮ್ನೆ ಕೂತಳು. 'ಪ್ರತಿ ಟೇಬಲಿಗೆ ಆಚೆ ಒಬ್ಬರು ಈಚೆ ಒಬ್ಬರು, ನಲವತ್ತು. ಆ ತುದಿಗೊಬ್ಬರು, ಈ ತುದಿಗೊಬ್ಬರು. ನಲವತ್ತೆರಡು.' ಆರನೇ ಕ್ಲಾಸಿನ ಅವಳ ಅಣ್ಣ ಬಿಟ್ಟಾನೆಯೇ? 'ಹಾಗಲ್ಲ, ಇಪ್ಪತ್ತು ಟೇಬಲಿಗೆ 80 ಕುರ್ಚಿ. ಒಂದೊಂದು ಸಂದಿಗೆ ಎರಡು ಹೋಗ್ತವೆ. ಸಂದಿ ಇಪ್ಪತ್ತಲ್ಲ, ಹತ್ತೊಂಬತ್ತು. 80ರಲ್ಲಿ 38 ಕಳೆ, 42.' ಉತ್ತರ ಒಂದೇ ಬಂತು ಅಂತ ಇಬ್ಬರಿಗೂ ಸ್ವಲ್ಪ ಬೇಜಾರೇ ಆಯಿತು. ಯಾರು ಸರಿ ಅಂತ ವಾದ ಮಾಡುತ್ತಾ ಸಾಂಬಾರ್ ಆರಿಹೋಯಿತು.

ಆ ಹುಡುಗ ಮುಂದೆ ಹೈಸ್ಕೂಲಿನಲ್ಲಿ ಇದನ್ನೇ, ಟೇಬಲ್ ಎಷ್ಟು ಅನ್ನುವುದಕ್ಕೆ ಎನ್ ಅಂತ ಇಟ್ಟುಕೊಂಡು, 2ಎನ್ + 2 ಅಂತಲೂ 4ಎನ್ - 2(ಎನ್ - 1) ಅಂತಲೂ ಬರೆದು, ಬಿಡಿಸಿ, ಎರಡೂ ಒಂದೇ ಅಂತ ತೋರಿಸಬೇಕಾಯಿತು. ಅವನಿಗೆ ಅದು ಕಷ್ಟವಾಗಲಿಲ್ಲ. ಎರಡೂ ಒಂದೇ ಹೋಟೆಲಿನ ಲೆಕ್ಕ ಅಂತ ಅವನಿಗೆ ಆಗಲೇ ಗೊತ್ತಿತ್ತಲ್ಲ.

ಮನೆಯ ಹೊಸಿಲ ಹತ್ತಿರವೂ ಇಂಥದ್ದಿದೆ. ಚಪ್ಪಲಿ. ಜೋಡಿ ಜೋಡಿ ಇಟ್ಟರೆ ಸಮ, ಒಂದು ಒಂಟಿ ಉಳಿದರೆ ಬೆಸ. ಎರಡು ಬೆಸ ಸಂಖ್ಯೆ ಕೂಡಿಸಿದರೆ ಯಾವಾಗ್ಲೂ ಸಮವೇ ಬರುತ್ತಾ? 3 + 5, 7 + 9 ಅಂತ ಹತ್ತು ಮಾಡಿ ನೋಡಿ 'ಹೂಂ' ಅನ್ನುವ ಮಗು ಇನ್ನೂ ಅರ್ಧ ದಾರಿಯಲ್ಲಿದೆ. 'ಎರಡು ಗುಂಪಿನಲ್ಲೂ ಒಂದೊಂದು ಒಂಟಿ ಚಪ್ಪಲಿ, ಅವೆರಡೂ ಸೇರಿ ಜೋಡಿಯಾಗುತ್ತೆ' ಅಂದ ಮಗು ಪೂರ್ತಿ ತಲುಪಿತು. ಕೋಟಿ ಸಂಖ್ಯೆಗೂ ಆ ಮಾತು ನಿಲ್ಲುತ್ತದೆ.

ನಿಮಗೆ ರಂಗೋಲಿ ಬರುತ್ತದೆ ಅಂದುಕೊಂಡಿದ್ದೇನೆ. ಏಳು ಚುಕ್ಕಿಯಿಂದ ಒಂದರವರೆಗೆ, ನೇರ ಚುಕ್ಕಿ ಇಡಿ. ಮೇಲಿಂದ ಕೆಳಗೆ 1, 3, 5, 7, 5, 3, 1. ಒಟ್ಟು ಎಷ್ಟು ಅಂದರೆ ಮಗ ಕೂಡಿಸಿ 25 ಅನ್ನುತ್ತಾನೆ. ಈಗ ತಲೆ ಓರೆ ಮಾಡಿ ಓರೆ ಸಾಲಿನಲ್ಲಿ ಎಣಿಸಲು ಹೇಳಿ. ನಾಲ್ಕು ಚುಕ್ಕಿಯ ಸಾಲು, ಮೂರರ ಸಾಲು, ಮತ್ತೆ ನಾಲ್ಕು, ಮತ್ತೆ ಮೂರು. ನಾಲ್ಕರ ಸಾಲು ನಾಲ್ಕು, ಮೂರರ ಸಾಲು ಮೂರು. 16 + 9. ಅದೇ 25. ಒಂಬತ್ತು ಚುಕ್ಕಿಯದಾದರೆ 25 + 16. ಹದಿನೈದು ಚುಕ್ಕಿಯದಕ್ಕೆ ಚುಕ್ಕಿ ಇಡುವ ಮೊದಲೇ ಎಷ್ಟು ಬೇಕು ಅಂತ ಅವನೇ ಹೇಳಲಿ, ಆಮೇಲೆ ಎಣಿಸಿ ನೋಡಲಿ. 113 ಬರಬೇಕು. ಗಂಡು ಹುಡುಗನಿಗೆ ರಂಗೋಲಿ ಯಾಕೆ ಅಂತ ಮನೆಯಲ್ಲಿ ಯಾರಾದರೂ ಅಂದರೆ ಚುಕ್ಕಿ ಲೆಕ್ಕ ಅವರ ಕೈಗೇ ಕೊಡಿ.

ಲೋಕಲ್‌ನಲ್ಲಿ ಜಾಗ ಸಿಕ್ಕ ದಿನ 'ಗಿರಣಿ ಆಟ' ಆಡಬಹುದು. ಗೋಧಿ ಹಾಕಿದರೆ ಹಿಟ್ಟು ಬರುವ ಹಾಗೆ, ಈ ಗಿರಣಿಗೆ ಸಂಖ್ಯೆ ಹಾಕಿದರೆ ಬೇರೆ ಸಂಖ್ಯೆ ಬರುತ್ತದೆ. ಒಳಗೆ ಏನು ನಡೆಯುತ್ತಿದೆ ಅಂತ ಪತ್ತೆ ಮಾಡಬೇಕು. 3 ಹಾಕಿದೆ, 7 ಬಂತು. 5 ಹಾಕಿದೆ, 11 ಬಂತು. 'ನಾಲ್ಕು ಸೇರಿಸೋದು' ಅಂತ ಮೊದಲನೆಯದಕ್ಕೇ ಕೂಗಿದವನು ಎರಡನೆಯದಕ್ಕೆ ಬಾಯಿ ಮುಚ್ಚುತ್ತಾನೆ. 10 ಹಾಕಲು ಅವನೇ ಹೇಳುತ್ತಾನೆ, 21 ಬರುತ್ತದೆ. 'ಡಬಲ್ ಮಾಡಿ ಒಂದು.' ಬೇಗನೆ ಗಿರಣಿ ಅವನ ಕೈಗೆ ಕೊಟ್ಟುಬಿಡಿ. ಸೋಲುವುದು ನೀವಾಗಿರಲಿ.

ಕನ್ನಡದಲ್ಲಿ ಹೇಳಿಕೊಟ್ಟರೆ ಗೊಂದಲವಾ ಅಂತ ಕೇಳಿದ್ದೀರಿ. ಲೆಕ್ಕದ ಮಟ್ಟಿಗೆ ನಿಮ್ಮ ಭಾಷೆ ಅವನಿಗೆ ಲಾಭವೇ. ಮರಾಠಿಯಲ್ಲಿ 23ಕ್ಕೆ ತೇವೀಸ್. ಮೂರು ಮೊದಲು, ಇಪ್ಪತ್ತು ಆಮೇಲೆ. ಕೇಳಿದ ಹಾಗೆ ಬರೆದರೆ 32 ಆಗುತ್ತದೆ, ಎಷ್ಟೋ ಮಕ್ಕಳು ಹಾಗೇ ಬರೆಯುತ್ತಾರೆ. 2019ರಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಎರಡನೇ ಕ್ಲಾಸಿನ ಗಣಿತ ಪುಸ್ತಕದಲ್ಲಿ 'ವೀಸ್ ತೀನ್' ಅಂತ ಓದುವುದನ್ನು ತಂದಾಗ ರಾಜ್ಯದಲ್ಲೆಲ್ಲ ಗಲಾಟೆಯೋ ಗಲಾಟೆ. ನಾವು ಕನ್ನಡದವರು ಇಪ್ಪತ್ತಮೂರು ಅಂತ ಮೊದಲಿನಿಂದಲೂ ಹಾಗೇ ಹೇಳುತ್ತಿದ್ದೇವೆ. ಬೆಲೆ ಹೆಸರಲ್ಲೇ ಇದೆ. ಇಪ್ಪತ್ತು, ಮೂರು.

ಇದನ್ನು ಹಿಡಿದು ಒಂದು ಲೆಕ್ಕ. ಐವತ್ತೆರಡನ್ನು ತಿರುಗಿಸಿ ಇಪ್ಪತ್ತೈದು ಮಾಡಿ ಕಳೆಯಿರಿ. 52 - 25 = 27. ಹಾಗೇ 81 - 18 = 63, 74 - 47 = 27. ಎಲ್ಲವೂ ಒಂಬತ್ತರ ಮಗ್ಗಿಯಲ್ಲೇ ಬರುತ್ತವೆ. ಯಾವಾಗ್ಲೂ ಹಾಗೇನಾ? ಹತ್ತು ರೂಪಾಯಿ ನೋಟು, ಒಂದು ರೂಪಾಯಿ ನಾಣ್ಯ ಮುಂದಿಡಿ. ಐದು ನೋಟು, ಎರಡು ನಾಣ್ಯ. ಇದನ್ನು ಎರಡು ನೋಟು, ಐದು ನಾಣ್ಯ ಮಾಡಬೇಕಾದರೆ ಮೂರು ನೋಟು ಕೊಟ್ಟು ಮೂರು ನಾಣ್ಯ ತೊಗೋಬೇಕು. ಒಂದೊಂದು ಸಲಕ್ಕೂ ಒಂಬತ್ತು ರೂಪಾಯಿ ಲುಕ್ಸಾನು. ಮೂರು ಸಲಕ್ಕೆ 27. ಬೇರೆ ಯಾವ ಎರಡಂಕಿ ತೊಗೊಂಡರೂ ಲುಕ್ಸಾನು ಒಂಬತ್ತರ ಲೆಕ್ಕದಲ್ಲೇ.

ಇಲ್ಲಿಗೆ ಬಂದ ಮೇಲೆ ಕಾಪ್ರೇಕರ್ ಅವರನ್ನು ಹೇಳದೆ ಇರಲಾರೆ. ಹುಟ್ಟಿದ್ದು 1905ರಲ್ಲಿ, ವೆಸ್ಟರ್ನ್ ಲೈನಿನ ಆ ತುದಿಯ ಡಹಾಣುವಿನಲ್ಲಿ. ಓದಿದ್ದು ಠಾಣೆಯಲ್ಲಿ, ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ಆಮೇಲೆ ನಾಸಿಕದ ಹತ್ತಿರ ದೇವಳಾಲಿಯಲ್ಲಿ 1962ರವರೆಗೆ ಶಾಲಾ ಮಾಸ್ತರರು. ದೊಡ್ಡ ಡಿಗ್ರಿ ಇರಲಿಲ್ಲ, ಅಂಕಿಗಳ ಜೊತೆ ಆಡುವ ಹುಚ್ಚು ಮಾತ್ರ ಇತ್ತು. ಅವರ ಆಟ ಹೀಗೆ. ನಾಲ್ಕಂಕಿ ತೊಗೊಳ್ಳಿ, ನಾಲ್ಕೂ ಒಂದೇ ಆಗಿರಬಾರದು. ದೊಡ್ಡದರಿಂದ ಸಣ್ಣದಕ್ಕೆ ಜೋಡಿಸಿ, ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ, ಕಳೆಯಿರಿ. ಬಂದದ್ದಕ್ಕೆ ಮತ್ತೆ ಹಾಗೇ ಮಾಡಿ, ಅಂಕಿ ಕಡಿಮೆ ಬಿದ್ದರೆ ಮುಂದೆ ಸೊನ್ನೆ ಸೇರಿಸಿಕೊಳ್ಳಿ. ಏಳು ಸಲದೊಳಗೆ 6174 ಬಂದೇ ಬರುತ್ತದೆ, ಆಮೇಲೆ ಅಲ್ಲಿಂದ ಅಲ್ಲಾಡುವುದಿಲ್ಲ. ಅವರು ಹುಟ್ಟಿದ ವರ್ಷವನ್ನೇ ಹಾಕಿದರೆ ಪೂರ್ತಿ ಏಳೂ ಸಲ ಬೇಕು: 9351, 8172, 7443, 3996, 6264, 4176, 6174. ನಿಮ್ಮ ಮಗನಿಗೆ ಮೂರಂಕಿಯೇ ಸಾಕು. ಫ್ಲಾಟ್ ನಂಬರ್ 704 ಅಂದುಕೊಳ್ಳಿ. 740 - 047 = 693. 963 - 369 = 594. 954 - 459 = 495. ಪಕ್ಕದ ಮನೆ ನಂಬರ್ ಹಾಕಿದರೂ 495, ಮೇಲಿನ ಮನೆಯದಕ್ಕೂ 495. ಕಳೆಯುವ ಲೆಕ್ಕ ಐವತ್ತು ಮಾಡು ಅಂದರೆ ಅಳುವ ಮಗು ಇಡೀ ಬಿಲ್ಡಿಂಗಿನ ನಂಬರ್ ಹಾಕಿ ನೂರು ಮಾಡಿರುತ್ತದೆ.

ಕನ್ನಡದ ಇನ್ನೊಂದು ಲಾಭ ಛಂದಸ್ಸಿನಲ್ಲಿದೆ. 'ಮ'ದಂಥ ಗಿಡ್ಡ ಅಕ್ಷರ ಲಘು, ಅದಕ್ಕೆ ಒಂದು ಮಾತ್ರೆ. 'ಬಾ'ದಂಥ ಉದ್ದ ಅಕ್ಷರ ಗುರು, ಅದಕ್ಕೆ ಎರಡು. ಲಘುವಿಗೆ ಒಂದು ಚಪ್ಪಾಳೆ, ಗುರುವಿಗೆ ಎರಡು ಅಂತ ಇಟ್ಟುಕೊಳ್ಳಿ. ಎರಡು ಚಪ್ಪಾಳೆಯ ಮಾತು ಎಷ್ಟು ಥರ ಇರಬಹುದು? 'ಮನ' ಇದೆ, 'ಬಾ' ಇದೆ. ಎರಡು ಥರ. ಮೂರು ಚಪ್ಪಾಳೆಗೆ 'ಕಮಲ', 'ಮಾತು', 'ರಮಾ'. ಮೂರು ಥರ. ನಾಲ್ಕಕ್ಕೆ? 'ಪರಿಮಳ', 'ಮಾನವ', 'ಮಹೇಶ', 'ರಾಧಾ', 'ಕವಿತಾ'. ಐದು, ಬೇರೆ ಥರ ಸಿಗುವುದಿಲ್ಲ. ಯಾಕೆ ಐದೇ? ಕೊನೆಯ ಅಕ್ಷರ ನೋಡಿ. ಪರಿಮಳ, ಮಾನವ, ಮಹೇಶ ಮುಗಿಯುವುದು ಲಘುವಿನಲ್ಲಿ. ಅದನ್ನು ತೆಗೆದರೆ ಹಿಂದೆ ಉಳಿಯುವುದು ಮೂರು ಮಾತ್ರೆ, ಅದಕ್ಕೆ ಮೂರು ಥರ. ರಾಧಾ, ಕವಿತಾ ಮುಗಿಯುವುದು ಗುರುವಿನಲ್ಲಿ. ಹಿಂದೆ ಉಳಿಯುವುದು ಎರಡು ಮಾತ್ರೆ, ಅದಕ್ಕೆ ಎರಡು ಥರ. 3 + 2 = 5. ಹಾಗಾದರೆ ಐದು ಮಾತ್ರೆಗೆ 5 + 3, ಎಂಟು. 1, 2, 3, 5, 8. ಇದನ್ನು ಪ್ರಪಂಚ ಫಿಬೊನಾಚಿ ಸಂಖ್ಯೆ ಅನ್ನುತ್ತದೆ, ಫಿಬೊನಾಚಿ ಅನ್ನುವ ಆ ಇಟಲಿಯವನ ಪುಸ್ತಕ 1202ರದ್ದು. ಅದಕ್ಕೂ ಮೊದಲೇ ವಿರಹಾಂಕ, ಹೇಮಚಂದ್ರ ಅನ್ನುವ ನಮ್ಮ ಛಂದಸ್ಸಿನ ಪಂಡಿತರು ಮಾತ್ರೆ ಎಣಿಸುತ್ತ ಇದೇ ನಿಯಮ ಹೇಳಿದ್ದರು. ನನಗೆ ಕನ್ನಡದ ಪೀರಿಯಡ್‌ನಲ್ಲಿ ಮೂರು, ನಾಲ್ಕು, ಐದು ಮಾತ್ರೆಯ ಗಣ ಅಂತ ಬಾಯಿಪಾಠ ಮಾಡಿಸಿದರು. ಪಕ್ಕದ ಪೀರಿಯಡ್‌ನ ಗಣಿತ ಅದರೊಳಗೇ ಕೂತಿತ್ತು ಅಂತ ಯಾರೂ ಹೇಳಲಿಲ್ಲ.

ಶಾಲೆಯಲ್ಲಿ ಇಂಗ್ಲಿಷ್ ಪದಗಳು ಬರುತ್ತವೆ, ಬರಲಿ. 'ಈವನ್', 'ಆಡ್', 'ಈಕ್ವಲ್' ಕಲಿಯುವುದು ಎರಡು ದಿನದ ಕೆಲಸ. ಯಾಕೆ ಅಂತ ಯೋಚಿಸುವುದು ಯಾವ ಭಾಷೆಯಲ್ಲಿ ಬಾಯಿಗೆ ಸಲೀಸೋ ಅದರಲ್ಲೇ ಆಗಲಿ. ಅವನು ಅರ್ಧ ಮರಾಠಿಯಲ್ಲಿ ಹೇಳಿದರೂ ತಡೆಯಬೇಡಿ.

ಒಂದು ಮಾತು ನಿಮ್ಮ ಬಗ್ಗೆ. ಅವನು ತಪ್ಪು ನಿಯಮ ಹೇಳಿದಾಗ ತಕ್ಷಣ 'ಅಲ್ಲ' ಅನ್ನಬೇಡಿ, ನನಗೂ ಇದು ಬಹಳ ವರ್ಷ ಬಂದಿರಲಿಲ್ಲ. ಅವನ ನಿಯಮ ಮುರಿಯುವ ಒಂದು ಸಂಖ್ಯೆ ಹುಡುಕಿ ಕೊಡಿ. 'ಹೌದಾ? ಹಾಗಾದ್ರೆ ಸೊನ್ನೆ ಹಾಕಿ ನೋಡು' ಅಂದರೆ ಸಾಕಾಗುತ್ತದೆ ಬಹಳ ಸಲ. ನಿಮಗೇ ಉತ್ತರ ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು, ಇಬ್ಬರೂ ಸೇರಿ ಹುಡುಕಿ.

ಕೊನೆಗೆ ಆ ಕ್ಲಾಸು. ಅಕ್ಷರ ಕಲಿಸಲು ಆರನೇ, ಏಳನೇ ಕ್ಲಾಸಿನವರೆಗೂ ಸಮಯವಿದೆ, ಅವಸರವಿಲ್ಲ. ಅಕ್ಷರ ಬೇಗ ಬಂತು ಅನ್ನುವುದು ನನಗೆ ದೊಡ್ಡ ತೊಂದರೆ ಅನ್ನಿಸುವುದಿಲ್ಲ. ಹೇಗೆ ಬಂತು ಅನ್ನುವುದರಲ್ಲಿದೆ ತೊಂದರೆ. ಎ ಅಂದರೆ ಆಪಲ್, ಬಿ ಅಂದರೆ ಬನಾನಾ, ಹಾಗಾಗಿ 3ಎ + 2ಬಿ ಅಂದರೆ ಮೂರು ಸೇಬು ಎರಡು ಬಾಳೆಹಣ್ಣು ಅಂತ ಕಲಿಸುವವರಿದ್ದಾರೆ. ವಾಟ್ಸಾಪ್‌ನಲ್ಲಿ ಬರುವ ಹಣ್ಣಿನ ಒಗಟುಗಳೂ ಇದೇ ಅಭ್ಯಾಸ ಬೆಳೆಸುತ್ತವೆ. ಹೀಗೆ ಕಲಿತ ಮಗುವಿಗೆ ಎ ಒಂದು ವಸ್ತು. ಆದರೆ ಅದು ಸಂಖ್ಯೆ. ಸೇಬಲ್ಲ, ಸೇಬು ಎಷ್ಟು ಅನ್ನುವುದು, ಇಲ್ಲಾ ಸೇಬಿನ ಬೆಲೆ ಎಷ್ಟು ಅನ್ನುವುದು. ನಮ್ಮ ಹಳೆಯ ಬೀಜಗಣಿತದವರು ಇದಕ್ಕೆ ಒಳ್ಳೆಯ ಹೆಸರಿಟ್ಟಿದ್ದರು, ಯಾವತ್ತಾವತ್. ಎಷ್ಟೋ ಅಷ್ಟು ಅಂತ. ಒಂದೇ ಸಾಲದೆ ಹೋದಾಗ ಕಾಲಕ, ನೀಲಕ, ಪೀತಕ ಅಂತ ಬಣ್ಣಗಳ ಹೆಸರು. ಬರೆಯುವಾಗ ಚಿಕ್ಕದಾಗಿ ಯಾ, ಕಾ, ನೀ. ನಿಮ್ಮ ಮಗನಿಗೆ ಸದ್ಯಕ್ಕೆ ಮುಚ್ಚಳ ಹಾಕಿದ ಒಂದು ಡಬ್ಬಿ ಸಾಕು. ಒಳಗೆ ಗೋಲಿ ಎಷ್ಟಿದೆಯೋ ಅಷ್ಟು. ಅದಕ್ಕೆ ಮೂರು ಸೇರಿಸಿದೆ, ಡಬ್ಬಿಯಲ್ಲಿ ಇದ್ದದ್ದಕ್ಕಿಂತ ಮೂರು ಜಾಸ್ತಿ. ಎಷ್ಟು ಅಂತ ಗೊತ್ತಿಲ್ಲದೆಯೂ ಇಷ್ಟು ಹೇಳಬಹುದು ಅಂತ ಅವನಿಗೆ ಅನ್ನಿಸಿದ ದಿನ ಡಬ್ಬಿಯ ಮೇಲೆ ಯಾವ ಅಕ್ಷರ ಬೇಕಾದರೂ ಅಂಟಿಸಿ.

ಆ ಕ್ಲಾಸಿಗೆ ದುಡ್ಡು ಕಟ್ಟುವ ಮೊದಲು ಒಂದು ದಿನ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಬನ್ನಿ. ಮಕ್ಕಳ ಬಾಯಿಂದ 'ಯಾಕೆಂದ್ರೆ' ಅನ್ನುವ ಮಾತು ಎಷ್ಟು ಸಲ ಬಂತು ಎಣಿಸಿ. ಒಂದು ಗಂಟೆಯಲ್ಲಿ ಒಂದು ಸಲವೂ ಬರದಿದ್ದರೆ ಆ ದುಡ್ಡಲ್ಲಿ ಎಲ್ಲರೂ ಮಾಟುಂಗಾಕ್ಕೆ ಹೋಗಿ ಇಡ್ಲಿ ತಿಂದು ಬನ್ನಿ. ಟೇಬಲ್ ಜೋಡಿಸಲು ಅವನಿಗೇ ಹೇಳಿ.